ಬೋಂಡಾಕ್ಕೆ ಕಾಗದ ಕೊಡದ ಜೆರಾಕ್ಸ್ ಅಂಗಡಿ

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಯಾರನ್ನಾದರೂ ಹೊಗಳುವ ಮೊದಲು ಅವರ ವಿರುದ್ಧ ಮಾತಾಡಿ ನೋಡಬೇಕು, ಆಮೇಲೂ ಏನಾದರೂ ಉಳಿದರೆ ಹೊಗಳಬಹುದು ಎಂಬುದು ನನ್ನ ಪದ್ಧತಿ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಅಕ್ಕನ ವಿರುದ್ಧ ನಾನು ಎರಡು ವರ್ಷ ಮಾತಾಡಿದ್ದೇನೆ. ಹಾಗಾಗಿ ಈಗ ಬರೆಯುವ ಹಕ್ಕಿದೆ.

ಅಕ್ಕ ತೀರಿಕೊಂಡಿಲ್ಲ, ಗಾಬರಿ ಬೇಡ. ಕಳೆದ ತಿಂಗಳು ಅಂಗಡಿ ಮುಚ್ಚಿ ಸುಲ್ತಾನ್ ಬತ್ತೇರಿಗೆ ಹೋದರು. ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಿದ್ದ ಅವರ ಯಜಮಾನರು ಅಲ್ಲೇ ಒಂದು ಮಳಿಗೆ ಹಿಡಿದಿದ್ದಾರೆ. ಹೋಗುವ ಮುಂಚೆ, ನಿಮ್ಮ ಬಗ್ಗೆ ಏನಾದರೂ ಬರೆಯುತ್ತೇನೆ ಅಂದೆ. "ಬರ್ಕೊ, ಯಾರ್ ಬ್ಯಾಡ ಅಂದೋರು? ನನ್ ಎಸ್ರು ಮಾತ್ರ ಆಕ್ಬೇಡ. ಅಚ್ಚಾದ್ಮೇಲೆ ಅದು ಎಲ್ಲೆಲ್ಲಿ ತಿರುಗ್ತದೋ ಯಾರ್ ನೋಡ್ಕೊಂಡ್ ಕೂತಿರ್ತಾರೆ" ಅಂದರು. ಪತ್ರಿಕೆಯಲ್ಲಿ ಹೆಸರು ಬರಲಿ ಎಂದು ಸಂಪಾದಕರ ಮನೆ ಬಾಗಿಲು ಸವೆಸುವ ಜನರ ನಡುವೆ ಇದೊಂದು ಹೊಸ ರೀತಿಯ ಅಹಂಕಾರ ಅಂದುಕೊಂಡೆ. ಆದರೆ ಷರತ್ತು ಷರತ್ತೇ.

ಅಂಗಡಿ ಅಂದರೆ ಏಳು ಅಡಿ ಅಗಲದ ಒಂದು ಗೂಡು. ಹೆಚ್ಚಿನ ಪಾಲನ್ನು ಮಿಶನ್ನೇ ನುಂಗಿತ್ತು. ಉಳಿದದ್ದರಲ್ಲಿ ಒಂದು ಸ್ಟೂಲು, ಒಂದು ಬಿಸ್ಕತ್ತಿನ ಡಬ್ಬಿ, ಮತ್ತೆ ಅಕ್ಕ. ಮೂಗಿನ ತುದಿಯಲ್ಲಿ ಸದಾ ಮಿಶನ್ನಿನ ಕರಿಪುಡಿ. ಕನ್ನಡಕ ಸರಿಮಾಡಿಕೊಳ್ಳುವಾಗಲೆಲ್ಲ ಒಂದು ಬೊಟ್ಟು ಹೆಚ್ಚಾಗುತ್ತಿತ್ತು. ಮೂಲತಃ ಸಂತೆಮರಹಳ್ಳಿಯವರು. ಅಪ್ಪ ಅಲ್ಲಿ ದವಸದ ವ್ಯಾಪಾರಿ. ಸಂತೆಯಲ್ಲಿ ಹುಟ್ಟಿ ಬೆಳೆದವರಿಗೆ ಮನುಷ್ಯರ ಮುಖ ಬೇಗ ಓದಲು ಬರುತ್ತದೆ ಅನ್ನುತ್ತಿದ್ದರು. ಇದಕ್ಕೆ ಆಧಾರವೇನು ಎಂದು ನಾನು ಕೇಳಿದ್ದೆ. "ನೀನು ಇವತ್ ದುಡ್ ತಂದಿಲ್ಲ, ಸಾಲ ಕೇಳೋಕ್ ಬಂದಿದೀಯ" ಅಂದರು. ಸರಿಯಾಗಿತ್ತು.

ಡಬ್ಬಿಯಲ್ಲಿ ಬಿಸ್ಕತ್ತು ಇರುತ್ತಿರಲಿಲ್ಲ. ಬೆರಳಗಲದ ಕಾಗದದ ಪಟ್ಟಿಗಳಿರುತ್ತಿದ್ದವು. 'ರೇಷನ್ ಕಾರ್ಡಿಗೆ ಮಾತ್ರ', 'ಬಸ್ ಪಾಸಿಗೆ ಮಾತ್ರ', 'ಹಾಸ್ಟೆಲ್ ಅರ್ಜಿಗೆ ಮಾತ್ರ', ಎಲ್ಲ ಅವರದೇ ದುಂಡು ಅಕ್ಷರ. ನೀವು ಅಂಕಪಟ್ಟಿ ಕೊಟ್ಟರೆ ಯಾವುದಕ್ಕೆ ಎಂದು ಕೇಳಿ, ತಕ್ಕ ಪಟ್ಟಿಯನ್ನು ಹುಡುಕಿ, ನಿಮ್ಮ ಹೆಸರಿಗೆ ತಾಗುವಂತೆ ಗಾಜಿನ ಮೇಲಿಟ್ಟು ಪ್ರತಿ ತೆಗೆಯುತ್ತಿದ್ದರು. ಪ್ರತಿಯಲ್ಲಿ ಹೆಸರಿನ ಜೊತೆಗೇ ಆ ಮಾತೂ ಅಚ್ಚಾಗಿ ಬರುತ್ತಿತ್ತು. ಮೂಲೆಯಲ್ಲಿಟ್ಟರೆ ಸಾಲದೇ ಎಂದರೆ, "ಮೂಲೇಲಿಟ್ರೆ ಕತ್ರಿ ಆಕ್ಬುಡ್ತಾರೆ. ಎಸ್ರ ಪಕ್ಕ ಇದ್ರೆ ಎಸ್ರೂ ಓಯ್ತದೆ" ಅನ್ನುತ್ತಿದ್ದರು.

ಇನ್ನೊಂದು ಪದ್ಧತಿ ಹಾಳಾದ ಪ್ರತಿಗಳದ್ದು. ಕರೆಂಟು ಹೋಗಿ ಅರ್ಧಕ್ಕೆ ನಿಂತದ್ದು, ಕಪ್ಪು ಬಳಿದುಕೊಂಡದ್ದು, ಓರೆಯಾದದ್ದು ಎಲ್ಲ ಅಂಗಡಿಯಲ್ಲೂ ಇರುತ್ತವೆ. ಬೇರೆಯವರು ಅದನ್ನು ಕೆಜಿ ಲೆಕ್ಕದಲ್ಲಿ ಬೋಂಡಾ ಗಾಡಿಗೆ ಹಾಕುತ್ತಿದ್ದರು. ಅಕ್ಕ ಮಾತ್ರ ಎಲ್ಲವನ್ನೂ ನಾಲ್ಕಾಗಿ ಹರಿದು ಸಂಜೆ ಮನೆಗೆ ಒಯ್ದು ನೀರೊಲೆಗೆ ಹಾಕುತ್ತಿದ್ದರು. "ತಾಲ್ಲೂಕಿನ ಜನ್ರ ಜಾತಿ, ಆದಾಯ, ಮಾರ್ಕ್ಸು ಎಲ್ಲ ಸೇರಿ ನಮ್ಮನೇಲಿ ಸ್ನಾನಕ್ ನೀರ್ ಕಾಯ್ತದೆ ಕಣಮ್ಮಿ" ಎಂದು ನಗುತ್ತಿದ್ದರು. ಬೋಂಡಾ ಗಾಡಿಯವನು ಬಂದು, "ಅಕ್ಕೋ, ಒಲೆಗಾಕೋ ಬದ್ಲು ನಂಗಾದ್ರೂ ಕೊಡಕ್ಕೊ, ದಿನಾ ಎರಡ್ ಬೋಂಡಾ ಫ್ರೀ" ಎಂದು ಬೇಡಿಕೊಂಡದ್ದನ್ನು ನಾನೇ ನೋಡಿದ್ದೇನೆ. ಅಕ್ಕ ಎರಡು ಬೋಂಡಾಕ್ಕೆ ದುಡ್ಡು ಕೊಟ್ಟು, ಅದನ್ನು ಸುತ್ತಿದ್ದ ಕಾಗದವನ್ನು ಬಿಡಿಸಿ, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು: "ಕುದೇರು ಗ್ರಾಮ. ಒಂದೆಕರೆ ಎಂಟು ಗುಂಟೆ. ಪಾಪ, ಈವಯ್ಯನ ಪಹಣಿಗೆ ಚಟ್ನಿ ಅತ್ಬುಟ್ಟದೆ." ಓದಿ ಮುಗಿಸಿ ಬೋಂಡಾ ತಿಂದರು. ಕಾಗದ ಒಲೆಯ ಚೀಲಕ್ಕೆ ಹೋಯಿತು.

ಪಕ್ಕದಲ್ಲಿ ಎಸ್‌ಟಿಡಿ ಬೂತ್ ಇತ್ತು. ಯಾರಾದರೂ ಫೋನಿನಲ್ಲಿ ಬ್ಯಾಂಕ್ ಪಾಸ್‌ಬುಕ್ಕಿನ ನಂಬರನ್ನು ಊರಿಗೆಲ್ಲ ಕೇಳುವಂತೆ ಕೂಗತೊಡಗಿದರೆ, ಅಕ್ಕ ಗಿರಾಕಿ ಇಲ್ಲದಿದ್ದರೂ ಮಿಶನ್ ಶುರುಮಾಡುತ್ತಿದ್ದರು. ಆ ಗರಗರದಲ್ಲಿ ನಂಬರು ಮುಳುಗುತ್ತಿತ್ತು. ಬೂತಿನ ಹುಡುಗಿಗೂ ಅಕ್ಕನಿಗೂ ಇದೇ ಜಗಳ.

ಇಷ್ಟೆಲ್ಲ ಹುಷಾರಿನ ಹೆಂಗಸು ಪ್ರತಿ ವಾರ ಲಾಟರಿ ಟಿಕೆಟ್ ಕೊಳ್ಳುತ್ತಿದ್ದರು. ಇದನ್ನು ನಾನು ಬಿಡುತ್ತೇನೆಯೇ? "ಜಗತ್ತಿನಲ್ಲಿ ಯಾರನ್ನೂ ನಂಬದವರು ಲಾಟರಿಯನ್ನು ನಂಬುವುದು ವಿರೋಧಾಭಾಸ ಅಲ್ಲವೇ?" ಎಂದು ಕೇಳಿದೆ. "ನಂಬ್ಕೆ ಅಲ್ಲ ಕಣಮ್ಮಿ, ಆಸೆ. ಆಸೆಗೆ ಎರಡ್ರೂಪಾಯಿ ಜಾಸ್ತಿಯೇನಲ್ಲ" ಅಂದರು. ಅಂದು, ಟಿಕೆಟ್ಟಿನ ಹಿಂಭಾಗದಲ್ಲಿ ಅಲ್ಲೇ ಹೆಸರು ಬರೆದು ಸಹಿ ಹಾಕಿಕೊಂಡರು. ಬಹುಮಾನ ಬಂದ ದಿನ ಯಾರಾದರೂ ಎತ್ತಿಕೊಂಡು ಹೋದರೆ? ಎರಡು ವರ್ಷದಲ್ಲಿ ಒಂದು ರೂಪಾಯಿಯೂ ಬರಲಿಲ್ಲ ಎಂಬುದನ್ನು ದಾಖಲಿಸುತ್ತೇನೆ.

ಈಗ ನಾನು ಗೆದ್ದ ಒಂದು ಚರ್ಚೆಯ ಕಥೆ.

ನಾನಾಗ ಚಾಮರಾಜನಗರದ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ. ದಿನಾ ಗುಂಡ್ಲುಪೇಟೆಯಿಂದ ಬಸ್ಸು. ಚಾಮರಾಜನಗರ ಜಿಲ್ಲೆಯಾದ ಹೊಸತು. ದಿನಕ್ಕೊಂದು ಕಚೇರಿ ತೆರೆಯುತ್ತಿತ್ತು, ಪ್ರತಿ ಕಚೇರಿಗೂ ಮೂರು ಮೂರು ಪ್ರತಿ ಬೇಕಾಗುತ್ತಿತ್ತು. ನನ್ನ ಅವ್ವ ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ. ಅಪ್ಪ ತೀರಿಕೊಂಡ ಮೇಲೆ ಅನುಕಂಪದಲ್ಲಿ ಸಿಕ್ಕ ಕೆಲಸ ಅದು. ಮನೆಗೆ ಬರುತ್ತಿದ್ದದ್ದು ಅದೊಂದೇ ಸಂಬಳ. ಸ್ಕಾಲರ್‌ಶಿಪ್ ಅರ್ಜಿಗೆ ಅವ್ವನ ಸಂಬಳದ ಸರ್ಟಿಫಿಕೇಟಿನ ಪ್ರತಿ ಬೇಕಿತ್ತು. ತೆಗೆದುಕೊಂಡು ಅಕ್ಕನ ಅಂಗಡಿಗೆ ಹೋದೆ.

ಅಕ್ಕ ಡಬ್ಬಿಯಿಂದ ಪಟ್ಟಿ ಹುಡುಕತೊಡಗಿದರು. ಆ ವಾರವಷ್ಟೇ ಮೈಸೂರಿನಲ್ಲಿ ಒಂದು ಕಪ್ಪು ಗೆದ್ದು ಬಂದಿದ್ದೆ. ಬಾಯಿ ನವೆಯುತ್ತಿತ್ತು.

"ಪಟ್ಟಿ ಬೇಡ ಅಕ್ಕ."

"ಯಾಕಮ್ಮಿ?"

"ಕದಿಯುವವನು ಇದ್ದದ್ದನ್ನು ಕದಿಯುತ್ತಾನೆ. ನಮ್ಮ ಹತ್ತಿರ ಏನಿದೆ? ಆಯಾ ಕೆಲಸದವಳ ಹೆಸರು ಕದ್ದು ಯಾರು ಏನು ಮಾಡುತ್ತಾರೆ? ಅದೂ ಅಲ್ಲದೆ, ಕಚೇರಿಯವರು ಇದೇನು ಪಟ್ಟಿ ಅಂತ ಅರ್ಜಿ ವಾಪಸ್ ಮಾಡಿದರೆ ನನ್ನ ವರ್ಷ ಹೋಗುತ್ತದೆ. ಕಡೆಯದಾಗಿ, ಕಾಗದ ನನ್ನದು, ದುಡ್ಡು ನನ್ನದು. ಅದರ ಮೇಲೆ ನಿಮ್ಮ ಅಕ್ಷರ ಯಾಕೆ?"

ಸಾಲಿನಲ್ಲಿ ನಿಂತಿದ್ದ ಇಬ್ಬರು ನಕ್ಕರು. ಒಬ್ಬ ಮೇಷ್ಟ್ರು ಚಪ್ಪಾಳೆಯನ್ನೇ ತಟ್ಟಿದರು. ಅಕ್ಕ ಕನ್ನಡಕ ಸರಿಮಾಡಿಕೊಂಡರು. "ಮೂರ್ನೇದು ಸರಿ" ಅಂದರು. "ಕಾಗದ ನಿಂದೇ. ಮಿಶನ್ ಮಾತ್ರ ನಂದು. ಪಟ್ಟಿ ಇಲ್ದೆ ಜೆರಾಕ್ಸ್ ಒಡೆಯಕ್ಕಿಲ್ಲ. ಬೇಕಿದ್ರೆ ಎದ್ರುಗಡೆ ಅಂಗಡಿಗೆ ಓಗು."

ಹೋದೆ. ಎದುರಿನ ಅಂಗಡಿಯವನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅವನ ಮಿಶನ್ನಿಗೆ ಪುಡಿ ಜಾಸ್ತಿಯಾಗಿತ್ತೋ ಏನೋ, ಮೊದಲೆರಡು ಪ್ರತಿಗಳಲ್ಲಿ ಎಡಗಡೆ ಉದ್ದಕ್ಕೂ ಬೆರಳಗಲದ ಕರಿಗೆರೆ ಬಂತು. "ಬುಡು, ಇದ್ ಬ್ಯಾಡ" ಎಂದು ಮೂಲೆಯ ರಟ್ಟಿನ ಪೆಟ್ಟಿಗೆಗೆ ಎಸೆದ. ಮೂರನೆಯದು, ನಾಲ್ಕನೆಯದು ಚೆನ್ನಾಗಿ ಬಂದವು. ಅವೆರಡನ್ನೂ ಬೀಸಣಿಗೆಯ ಹಾಗೆ ಬೀಸಿಕೊಳ್ಳುತ್ತ ಅಕ್ಕನ ಅಂಗಡಿಯ ಮುಂದೆಯೇ ನಡೆದೆ. ಅಗತ್ಯವಿರಲಿಲ್ಲ. ನಮ್ಮ ಮನೆ ಆ ಕಡೆ ಇಲ್ಲ.

ಐದು ತಿಂಗಳ ಮೇಲೆ ಆಸ್ಪತ್ರೆಯ ಕಚೇರಿಗೆ ಒಂದು ಪತ್ರ ಬಂತು. ಕಳಿಸಿದ್ದು ಚಾಮರಾಜನಗರದ ಒಂದು ಫೈನಾನ್ಸ್ ಕಂಪನಿ. ಒಬ್ಬ ಗಿರಾಕಿ ಕಂತಿನಲ್ಲಿ ಕಲರ್ ಟೀವಿ ತೆಗೆದುಕೊಂಡು ಕಂತು ಕಟ್ಟದೆ ಮಾಯವಾಗಿದ್ದಾನೆ, ಅವನಿಗೆ ಜಾಮೀನು ನಿಂತವರು ನಿಮ್ಮ ನೌಕರರಾದ ಮಣಿಯವರು, ಆದ್ದರಿಂದ ಬರುವ ತಿಂಗಳಿಂದ ಅವರ ಸಂಬಳದಲ್ಲಿ ಹಿಡಿದು ನಮಗೆ ಕಳಿಸತಕ್ಕದ್ದು. ಮಣಿ ಅಂದರೆ ನನ್ನ ಅವ್ವ.

ಅವ್ವ ಯಾರ ಹತ್ತಿರವೂ ಒಂದು ಪಾವು ಸಕ್ಕರೆಯನ್ನೂ ಸಾಲ ತಂದವಳಲ್ಲ. ನಮ್ಮ ಮನೆಯಲ್ಲಿ ಕಪ್ಪು ಬಿಳುಪು ಟೀವಿಯೂ ಇರಲಿಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮನೊಬ್ಬರು, "ಏನ್ ಮಣಿಯಮ್ಮ, ಕಲರ್ ಟೀವಿ ಕೊಡಿಸೋ ಅಷ್ಟು ಬೇಕಾದೋರು ಯಾರು ನಿಮ್ಗೆ?" ಎಂದು ಎಲ್ಲರ ಮುಂದೆ ಕೇಳಿದರಂತೆ. ಅವ್ವ ಮನೆಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. "ಸಂಬ್ಳ ಓದ್ರೆ ಓಗ್ಲಿ ಕಣವ್ವ. ಯಾವನ್ಗೋ ಜಾಮೀನ್ ನಿಂತವ್ಳೆ ಅಂದ್ರಲ್ಲ, ಅದ ಎಂಗ್ ತೊಳ್ಕಳಾದು?" ಅಂದಳು. ಸಂಬಳ ಹೋದರೆ ನನ್ನ ಕಾಲೇಜೂ ಹೋಗುತ್ತಿತ್ತು. ಅದನ್ನು ಅವಳು ಹೇಳಲಿಲ್ಲ.

ನಾನು ನಾಲ್ಕು ಪುಟದ ಪತ್ರ ಬರೆದೆ. ಸಂವಿಧಾನದಿಂದ ಶುರುವಾಗುತ್ತಿತ್ತು. ಅಂದು ಭಾನುವಾರ, ಎದುರಿನ ಅಂಗಡಿ ಮುಚ್ಚಿತ್ತು; ಪ್ರತಿ ತೆಗೆಸಲು, ಬೇರೆ ದಾರಿಯಿಲ್ಲದೆ, ಅಕ್ಕನ ಅಂಗಡಿಗೆ ಹೋದೆ. ಅಕ್ಕ ಗಿರಾಕಿಗಳ ಕಾಗದ ಓದುವವರಲ್ಲ, ಆದರೆ ನನ್ನ ಮುಖ ನೋಡಿ ಅಂದು ಓದಿದರು.

"ಚೆನ್ನಾಗ್ ಬರ್ದಿದೀಯ. ಇದ ಕೇಳೋರ್ ಯಾರು?"

"ಮ್ಯಾನೇಜರು."

"ಅವ್ನು ಮೊದಲ್ನೇ ಪುಟದಲ್ಲೇ ನಿದ್ದೆ ಮಾಡ್ಬುಡ್ತಾನೆ. ನಾಳೆ ಅವ್ವನ್ನ ಕರ್ಕೊಂಡ್ ಬಾ. ಮೂರೂ ಜನ ಓಗನ."

ಮರುದಿನ ಸೋಮವಾರ. ವ್ಯಾಪಾರದ ದಿನ ಅಕ್ಕ ಅಂಗಡಿಯ ಬಾಗಿಲು ಹಾಕಿದ್ದನ್ನು ನಾನು ಮೊದಲು ನೋಡಿದ್ದು ಅಂದೇ. ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೆ ಅವ್ವನಿಗೆ ಯಜಮಾನರ ಲಾರಿಯ ಕಥೆಗಳನ್ನು ಹೇಳಿ ನಗಿಸಲು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಅಂದರು, "ಅಲ್ಲಿಗ್ ಓದ್ಮೇಲೆ ನೀನು 'ಅವ್ವ' ಅನ್ಕೂಡ್ದು. ಮಣಿಯಮ್ಮ, ನೀವೂ ಬಾಯ್ ಬುಡ್ಬೇಡಿ."

"ಯಾಕೆ? ನಾವೇ ಮೊದಲು ನಮ್ಮ ವಾದ ಇಡಬೇಕಲ್ಲವೇ?" ಅಂದೆ.

"ಇಟ್ಟು? ಇವ್ರೇ ಮಣಿಯಮ್ಮ, ಇವ್ರು ಸಹಿ ಆಕಿಲ್ಲ ಅಂತ ನೀನಂದ್ರೆ, ಇಲ್ಲ ಇವ್ರೇ ಬಂದಿದ್ರು ಅಂತ ಅವ್ನಂದ್ಬುಡ್ತಾನೆ. ಆಮೇಲೆ ಏನ್ಮಾಡ್ತೀಯ? ಬಂದೋರು ಎಂಗಿದ್ರು ಅಂತ ಮೊದ್ಲು ಅವ್ನ್ ಬಾಯಿಂದ ಬರ್ಲಿ."

ಎಂಟು ಕಪ್ಪು ಗೆದ್ದ ನನಗೆ ಇದು ಹೊಳೆದಿರಲಿಲ್ಲ. ಯಾವ ತೀರ್ಪುಗಾರರೂ ಹೇಳಿಕೊಟ್ಟಿರಲಿಲ್ಲ.

ಮ್ಯಾನೇಜರು ಒಳ್ಳೆಯ ಮಾತಿನ ಮನುಷ್ಯ. ಕೂರಿಸಿದರು, ನೀರು ತರಿಸಿದರು. "ಗುಂಡ್ಲುಪೇಟೆಯಿಂದ ಬಂದ್ವಿ ಸಾರ್, ಮಣಿಯವ್ರ ಜಾಮೀನಿನ ವಿಷ್ಯ" ಎಂದು ಅಕ್ಕ ಶುರುಮಾಡಿದರು. ಈಗ ಅವರ ಮಾತು ಸಂತೆಮರಹಳ್ಳಿ ಬಿಟ್ಟು ಪೇಟೆಗೆ ಬಂದಿತ್ತು. "ಅವರು ಸಹಿ ಹಾಕೇ ಇಲ್ಲ ಅಂತಾರೆ."

"ಎಲ್ಲರೂ ಹಾಗೇ ಅಂತಾರೆ ಮೇಡಂ, ಸಂಬಳಕ್ಕೆ ಕೈ ಹಾಕಿದ ಮೇಲೆ."

"ಇಲ್ಲಿಗೇ ಬಂದು ಹಾಕಿದ್ರಾ ಸಾರ್, ಇಲ್ಲ ಕಾಗದ ಯಾರಾದರೂ ತಂದುಕೊಟ್ಟರಾ?"

"ಛೆ, ನಮ್ಮಲ್ಲಿ ಹಾಗೆಲ್ಲ ಇಲ್ಲ. ಈ ಕುರ್ಚಿಯಲ್ಲೇ ಕೂತು, ನನ್ನ ಕಣ್ಣ ಮುಂದೆ ಹಾಕಿದ್ದು."

ನನಗೆ ತಡೆಯಲಾಗಲಿಲ್ಲ. "ಸುಳ್ಳು!" ಎನ್ನಲು ಬಾಯಿ ತೆರೆದೆ. ಅಕ್ಕನ ಚಪ್ಪಲಿ ನನ್ನ ಕಾಲ್ಬೆರಳ ಮೇಲೆ ಬಂದು ಕೂತಿತು.

"ನೀವೇ ನೋಡಿದ್ದೀರ ಅಂದ್ಮೇಲೆ ಮುಗೀತಲ್ಲ ಸಾರ್" ಅಂದರು ಅಕ್ಕ, ಸೋತವರ ಹಾಗೆ. "ನೆನಪಿದೆಯಾ ನಿಮ್ಗೆ, ಹೇಗಿದ್ರು ಅಂತ?"

"ನೆನಪಿಲ್ಲದೆ? ಕಾಫಿ ತರಿಸಿಕೊಟ್ಟಿದ್ದೆ. ಗೌರವಸ್ಥರು. ಎತ್ತರದ ಆಳು, ಗಿರಿಜಾ ಮೀಸೆ."

ಅವ್ವ ಹನ್ನೆರಡು ದಿನದಿಂದ ನಕ್ಕಿರಲಿಲ್ಲ. ಈಗ ಸೆರಗು ಬಾಯಿಗೆ ತುರುಕಿಕೊಂಡರೂ ನಗು ಮೂಗಿನಿಂದ ಬಂತು.

"ಇವರ‍್ಯಾಕೆ ನಗ್ತಾರೆ?" ಅಂದರು ಮ್ಯಾನೇಜರು.

"ಮಣಿಯಮ್ಮ, ಆಸ್ಪತ್ರೆ ಕಾರ್ಡ್ ತೋರಿಸಿ" ಅಂದರು ಅಕ್ಕ.

ಅವ್ವ ಕುಪ್ಪಸದೊಳಗಿನ ಚೀಲದಿಂದ ಫೋಟೋ ಅಂಟಿಸಿದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಮ್ಯಾನೇಜರು ಕಾರ್ಡು ನೋಡಿದರು, ಅವ್ವನನ್ನು ನೋಡಿದರು, ಯಾಕೋ ಅವ್ವನ ಮೇಲ್ದುಟಿಯನ್ನು ಸ್ವಲ್ಪ ಹೆಚ್ಚೇ ನೋಡಿದರು. ಆಮೇಲೆ ಫೈಲು ತರಿಸಿದರು.

ತಪ್ಪು ಎಷ್ಟು ಸಣ್ಣದು ಎಂದು ಆಗ ಕಂಡಿತು. ನಮ್ಮ ಸರ್ಟಿಫಿಕೇಟುಗಳಲ್ಲಿ 'ಶ್ರೀ/ಶ್ರೀಮತಿ' ಎಂದು ಅಚ್ಚಾಗಿರುತ್ತದೆ. ಬೇಡದ್ದನ್ನು ಹೊಡೆದುಹಾಕಬೇಕು. ಯಾವ ಗುಮಾಸ್ತರೂ ಹೊಡೆಯುವುದಿಲ್ಲ. ಹುದ್ದೆಯ ಜಾಗದಲ್ಲೂ ಆಯಾ ಎಂದಿರಲಿಲ್ಲ, 'ಡಿ ಗ್ರೂಪ್ ನೌಕರರು' ಎಂದಷ್ಟೇ ಇತ್ತು. ಅವ್ವ ಹುಟ್ಟಿದ್ದು ಪುಣಜನೂರಿನಲ್ಲಿ, ತಮಿಳು ಕಡೆಯ ಗಾಳಿ ಬೀಸುವ ಊರು. ಅಲ್ಲಿ ಮಣಿ ಎಂಬ ಹೆಸರಿನವರಲ್ಲಿ ಅರ್ಧ ಜನ ಗಂಡಸರು. ಅಂಥ ಕಾಗದ ಕೈಗೆ ಸಿಕ್ಕಿದವನು, ಮಣಿ ಗಂಡಸೇ ಇರಬೇಕೆಂದುಕೊಂಡು ಮೀಸೆ ತಿರುವಿಕೊಂಡು ಬಂದು ಕೂತಿದ್ದ. ಮ್ಯಾನೇಜರೂ ಕಾಫಿ ಕೊಟ್ಟಿದ್ದರು.

ಫೈಲಿನಲ್ಲಿದ್ದದ್ದು ಪ್ರತಿಯ ಪ್ರತಿ. ಅಕ್ಕ ಅದನ್ನು ಬೆಳಕಿಗೆ ಹಿಡಿದು, ಅಂಗಡಿಯಲ್ಲಿ ಹಿಡಿದಂತೆಯೇ, ನಿಧಾನವಾಗಿ ಓದಿದರು. "ಇಲ್ನೋಡಿ ಸಾರ್, ಮಡಿಚಿದ ಗೆರೆ. ಇದು ಮುದುರಿ ಬಿಸಾಕಿದ ಕಾಗದ. ಇಲ್ಲಿ ದುಂಡಕ್ಕೆ ನೆರಳು ಕಾಣ್ತದಲ್ಲ, ಅದು ಎಣ್ಣೆ. ಬೋಂಡಾ ಕಟ್ಟಿದ್ದು. ಮೈಸೂರ್ ಬೋಂಡಾ ಇರ್ಬೇಕು, ದೊಡ್ಡದೇ." ಮೂಲ ಸರ್ಟಿಫಿಕೇಟ್ ಕೇಳಿದ್ದಿರಾ ಎಂದು ವಿಚಾರಿಸಿದರು. ಮ್ಯಾನೇಜರು ಜೆರಾಕ್ಸ್ ಸಾಕು ಅಂದುಕೊಂಡಿದ್ದರು.

ನಾನು ನೋಡುತ್ತಿದ್ದದ್ದು ಬೋಂಡಾದ ನೆರಳನ್ನಲ್ಲ. ಎಡಗಡೆ ಉದ್ದಕ್ಕೂ ಇದ್ದ ಬೆರಳಗಲದ ಕರಿಗೆರೆಯನ್ನು. "ಅದು ನಾನು ತೆಗೆಸಿದ್ದು" ಅಂದೆ. "ಎದುರಂಗಡೀಲಿ. ಹಾಳಾಯ್ತು ಅಂತ ಅವನು ಬಿಸಾಕಿದ. ನಾನು ವಾಪಸ್ ತಗೊಳ್ಳಲಿಲ್ಲ." ಅವ್ವ ನನ್ನನ್ನೇ ನೋಡಿದಳು.

'ನಾನು ಅವತ್ತೇ ಅಂದಿರ್ಲಿಲ್ವಾ' ಎಂದು ಈಗ ಅಕ್ಕ ಹೇಳುತ್ತಾರೆ ಅಂದುಕೊಂಡೆ. ಯಾರೇ ಆದರೂ ಹೇಳುತ್ತಾರೆ. ಎದುರಾಳಿ ಅಷ್ಟು ದೊಡ್ಡ ತಪ್ಪು ಒಪ್ಪಿಕೊಂಡಾಗ ಬಿಟ್ಟವರುಂಟೇ? ನಾನಾಗಿದ್ದರೆ ಮೂರು ನಿಮಿಷ ಬಾರಿಸುತ್ತಿದ್ದೆ. ಅಕ್ಕ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಬತ್ತೇರಿಗೆ ಹೋಗುವ ದಿನದವರೆಗೂ ಹೇಳಲಿಲ್ಲ. ಅವರ ಬಗ್ಗೆ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗದೆ ಉಳಿದಿರುವುದು ಅದೊಂದೇ.

ಅವರು ಮ್ಯಾನೇಜರ ಕಡೆಗೇ ತಿರುಗಿದ್ದರು. ಮ್ಯಾನೇಜರೋ ಕೈ ಮುಗಿದು, "ಆಯ್ತು ಮೇಡಂ, ತಪ್ಪಾಗಿದೆ, ಮಣಿಯಮ್ಮನವರ ಹೆಸರು ತೆಗೆದುಬಿಡ್ತೀವಿ, ನೀವು ಹೊರಡಿ" ಅನ್ನುತ್ತಿದ್ದರು.

"ಬಾಯ್ಮಾತಲ್ಲಿ ಬೇಡ ಸಾರ್. ಆಸ್ಪತ್ರೆಗೆ ಪತ್ರ ಬರೆದವರು ನೀವು, ಇದನ್ನೂ ಬರೀಬೇಕು. ಇವರು ಜಾಮೀನು ನಿಂತಿಲ್ಲ, ನಮ್ಮದೇ ತಪ್ಪು ಅಂತ. ಒಂದು ಪ್ರತಿ ಇವರ ಕೈಗೆ ಕೊಡಿ. ಆ ಮೀಸೆಯವನ ಮೇಲೆ ಪೊಲೀಸಿಗೆ ಕೊಡೋದು ನಿಮ್ಮ ಕೆಲಸ. ಕಾಫಿ ಕುಡಿಸಿದವರು ನೀವು."

ಮ್ಯಾನೇಜರು ಟೈಪಿಸ್ಟನ್ನು ಕರೆದರು. ಪತ್ರ ಸಿದ್ಧವಾಯಿತು. ಅದರ ಜೊತೆಗೆ ಅವ್ವನದೊಂದು ಹೇಳಿಕೆಯೂ ಬೇಕಂತೆ, ಈ ಜಾಮೀನಿನ ಸಹಿ ನನ್ನದಲ್ಲ ಎಂದು. ಟೈಪು ಮಾಡಿ ಅವ್ವನ ಮುಂದಿಟ್ಟರು. ಪಕ್ಕದಲ್ಲಿ ಫೈಲು ಬಿಚ್ಚಿಕೊಂಡೇ ಇತ್ತು. ಮೀಸೆಯವನ ಸಹಿ ಎದ್ದು ಕಾಣುತ್ತಿತ್ತು. ಇಂಗ್ಲಿಷಿನಲ್ಲಿ, ಒಂದೇ ಎಳೆತಕ್ಕೆ ಬರೆದದ್ದು, ಕೆಳಗೆ ಎರಡು ಗೆರೆ, ಬಾಲದಲ್ಲಿ ಚುಕ್ಕಿ. ಸಹಿ ಅಂದರೆ ಸಹಿ.

ಅವ್ವ ಪೆನ್ನು ಹಿಡಿದಳು. ನಾನು ಒಂದನೇ ಕ್ಲಾಸಿನಲ್ಲಿ ಸ್ಲೇಟು ತಿದ್ದುವಾಗ ಪಕ್ಕದಲ್ಲಿ ಕೂತು ಕಲಿತ ಅಕ್ಷರ ಅವಳದು. ಸಂಬಳದ ದಿನ ಬಿಟ್ಟರೆ ಬಳಕೆಯಿಲ್ಲ. ಮೊದಲು ಕಾಗದವನ್ನು ನೇರ ಮಾಡಿಕೊಂಡಳು. ಪೆನ್ನಿನ ತುದಿಯನ್ನು ನೋಡಿದಳು. 'ಮ' ಶುರುಮಾಡಿ, ಅದರ ಹೊಟ್ಟೆಯ ತಿರುವಿನಲ್ಲಿ ನಿಂತು, ಉಸಿರು ಬಿಟ್ಟು, ಮತ್ತೆ ಮುಂದುವರಿಸಿದಳು. ಟೈಪಿಸ್ಟು ಮಿಶನ್ ನಿಲ್ಲಿಸಿ ನೋಡುತ್ತಿದ್ದ. ಹನ್ನೆರಡೂವರೆಯ ಬಸ್ಸು ತಪ್ಪುತ್ತದೆ ಎಂದೋ, ಅವಳ ಕಷ್ಟ ನೋಡಲಾರದೆಯೋ, ನಾನು ಕೈ ಹಿಡಿದು ಬರೆಸಲು ಮುಂದೆ ಬಾಗಿದೆ. ಅಕ್ಕ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಅವರ ಕರಿ ಬೆರಳಿನ ಗುರುತು ನನ್ನ ತೋಳಿನ ಮೇಲೆ ಉಳಿಯಿತು.

ಮ್ಯಾನೇಜರು ಗಡಿಯಾರ ನೋಡಿದರು. "ಆಯ್ತಾ ಅಮ್ಮ?" ಎಂದು ಕಾಗದಕ್ಕೆ ಕೈ ಚಾಚಿದರು.

ಅವ್ವ ತಲೆ ಎತ್ತಲಿಲ್ಲ. ಎಡಗೈಯಲ್ಲಿ ಕಾಗದವನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡು ಅಂದಳು:

"ತಡಿಯಪ್ಪ, ಇನ್ನೂ ಅರ್ಧ ಎಸ್ರು ಅದೆ."